ಚಿಲಕವಿರುವ ಒಂದೇ ಕೋಣೆ

ಎರಡನೇ ಮಹಡಿಯ ಸಿಸ್ಟರ್ ಆಸ್ಪತ್ರೆಯ ಕೆಲಸ ಬಿಟ್ಟು ಪೇಂಟ್ ಕಂಪನಿ ಸೇರಿದ್ದಾರೆ ಎಂದು ಕಟ್ಟಡದ ಜನರೆಲ್ಲ ನಂಬಿದ್ದರು. ಎಲ್ಲರೂ ಎಂದರೆ ಈ ಸಾಲುಗಳನ್ನು ಬರೆಯುತ್ತಿರುವವನೂ ಸೇರಿ. ನಂಬದೆ ಏನು ಮಾಡುವುದು? ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ ಅದು. ಬೀದಿಯಲ್ಲಿ ಗಾಡಿಯಿಲ್ಲ, ಶಾಲೆಯ ಗಂಟೆಯಿಲ್ಲ. ಒಂದು ಮನೆಯಲ್ಲಿ ಚಮಚ ಬಿದ್ದರೆ ನಾಲ್ಕು ಮನೆಯವರು ತಮ್ಮ ಚಮಚ ಇದೆಯೇ ಎಂದು ನೋಡಿಕೊಳ್ಳುವಷ್ಟು ನಿಶ್ಶಬ್ದ. ಅಂಥದ್ದರಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಎರಡನೇ ಮಹಡಿಯ ಬಾಲ್ಕನಿಯಿಂದ, ಒಣಗಲು ಹಾಕಿದ ಬಟ್ಟೆಗಳ ಸಂದಿಯಿಂದ, ಒಂದೇ ದನಿ ಕೇಳಿಬರುತ್ತಿತ್ತು.

"ಎಷ್ಟು ಸಲ ಆಯ್ತು? ಬಣ್ಣ ಹೇಗಿದೆ? ಗಟ್ಟಿನಾ, ನೀರುನೀರಾ? ಕೆಂಪು ಸೇರಿದೆಯಾ? ಜಾಸ್ತಿನಾ, ಇಲ್ಲ ಸುಮ್ನೆ ಒಂದು ಗೆರೆ ಥರಾನಾ?"

ಇದನ್ನು ಕೇಳಿದವರಿಗೆ ಗೋಡೆಯಲ್ಲದೆ ಇನ್ನೇನು ನೆನಪಾದೀತು? ನಿವಾಸಿಗಳ ಸಂಘದ ಅಧ್ಯಕ್ಷರು ಒಂದು ದಿನ ಮೆಟ್ಟಿಲ ಬಳಿ ಅವರನ್ನು ತಡೆದು ನಿಲ್ಲಿಸಿದರು. ಅಧ್ಯಕ್ಷರು ಲಿಫ್ಟಿನಲ್ಲಿ ಒಬ್ಬರೇ ಇದ್ದಾಗಲೂ ಸಭೆಯನ್ನು ಉದ್ದೇಶಿಸಿ ನಿಂತಂತೆ ನಿಲ್ಲುವ ಮನುಷ್ಯ.

"ಸಿಸ್ಟರ್, ನಮ್ಮ ಅಡುಗೆಮನೆ ಗೋಡೆ ಪೂರ್ತಿ ಹೊಗೆ ಹಿಡಿದುಬಿಟ್ಟಿದೆ. ನಿಮ್ಮ ಹತ್ರ ಯಾವ ಬಣ್ಣ ಚೆನ್ನಾಗಿದೆ?"

ಸಿಸ್ಟರ್ ಮಾಸ್ಕಿನ ಮೇಲಿನಿಂದ ಅವರನ್ನು ಒಂದು ಗಳಿಗೆ ನೋಡಿದರು. "ಸಾರ್, ನನ್ನ ಹತ್ರ ಇರೋ ಬಣ್ಣಗಳು ನಿಮ್ಮ ಅಡುಗೆಮನೆಗೆ ಬೇಡ" ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು.

ಅವರು ಆಸ್ಪತ್ರೆ ಬಿಟ್ಟಿರಲಿಲ್ಲ, ಆಸ್ಪತ್ರೆಯೇ ಅವರ ಕೋಣೆಯನ್ನು ಬಿಡಿಸಿಕೊಂಡಿತ್ತು. ಕರುಳಿನ ಹಳೇ ಕಾಯಿಲೆಯವರನ್ನು ನೋಡಿಕೊಳ್ಳುವ ಚಿಕ್ಕ ವಿಭಾಗ ಅವರದು. ಕರುಳಿನ ಒಳಗೋಡೆಯಲ್ಲಿ ಹುಣ್ಣಾಗಿ, ಬೆಂಕಿ ಹೊತ್ತಿಕೊಂಡಂತೆ ಉರಿಯುವ ಕಾಯಿಲೆ. ಅದು ವಾಸಿಯಾಗುವುದಿಲ್ಲ, ಅದರ ಜೊತೆ ಸಂಸಾರ ಮಾಡಬೇಕು. ಸಂಸಾರ ನೆಟ್ಟಗೆ ನಡೆಯಲು ಮಾತ್ರೆ ಬೇಕು, ಮಾತ್ರೆಯ ಜೊತೆ ಆಗಾಗ ಬೈಗುಳವೂ ಬೇಕು. ಬೈಗುಳದ ಖಾತೆ ಸಿಸ್ಟರ್ ಅವರದು.

ಅಲ್ಲಿ ಅವರು ಕೆಲಸ ಮಾಡುತ್ತಿದ್ದುದು ಕಿವಿಯಿಂದಲ್ಲ. ಕಾಯುವ ಸಾಲಿನಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂದು ನೋಡಿದರೆ ಅವರಿಗೆ ಅರ್ಧ ತಿಳಿಯುತ್ತಿತ್ತು. ಚೆನ್ನಾಗಿರುವವರು ಕಿಟಕಿಯ ಬಳಿ ಕೂತು ಬೀದಿ ನೋಡುತ್ತಾರೆ. ಚೆನ್ನಾಗಿಲ್ಲದವರು ಶೌಚಾಲಯದ ಬಾಗಿಲ ಪಕ್ಕದ ಕುರ್ಚಿ ಹಿಡಿದಿರುತ್ತಾರೆ. ಆ ಕುರ್ಚಿಗೆ ಚುನಾವಣೆಯ ಟಿಕೆಟ್ಟಿಗಿಂತ ಹೆಚ್ಚು ಪೈಪೋಟಿ. ಉಳಿದರ್ಧ ಒಳಗೆ ಮಂಚದ ಮೇಲೆ ತಿಳಿಯುತ್ತಿತ್ತು. "ಏನೂ ಇಲ್ಲ ಸಿಸ್ಟರ್, ಆರಾಮ" ಎಂದು ಬಾಯಿ ಹೇಳುವಾಗಲೇ ಅವರ ಅಂಗೈ ಹೊಟ್ಟೆಯ ಮೇಲಿರುತ್ತಿತ್ತು. ಅಂಗೈ ಕೆಳಗೆ ಹೊಟ್ಟೆ ಬಿಗಿದುಕೊಂಡಿತೆಂದರೆ ಬಾಯಿಯ ಸಾಕ್ಷಿ ಅಲ್ಲಿಗೇ ವಜಾ.

ಸಾಂಕ್ರಾಮಿಕ ಬಂತು. ವಿಭಾಗದ ಡಾಕ್ಟರನ್ನು ಜ್ವರದ ವಾರ್ಡಿಗೆ ಹಾಕಿದರು. ಮಂಚವನ್ನು ಹೊತ್ತೊಯ್ದರು. ಸಿಸ್ಟರ್ ಕೋಣೆಯಲ್ಲಿ ಆಕ್ಸಿಜನ್ ಸಿಲಿಂಡರುಗಳು ಬಂದು ನಿಂತವು. ಡಾಕ್ಟರು ಅವರ ಕೈಗೊಂದು ಫೋನು ಕೊಟ್ಟು, "ಇನ್ನು ಇದೇ ನಮ್ಮ ಕ್ಲಿನಿಕ್ಕು ಸಿಸ್ಟರ್. ಮನೇಲಿ ಕೂತು ಎಲ್ಲರಿಗೂ ಫೋನ್ ಮಾಡಿ. ಅವರು ತಗೊಳ್ಳೋ ಮಾತ್ರೆ ಮೈಯ ರೋಗ ತಡೆಯೋ ಕಾವಲನ್ನ ತಗ್ಗಿಸುತ್ತೆ, ಇಲ್ಲಿಗೆ ಬಂದ್ರೆ ಜ್ವರ ಹಿಡ್ಕೊಳ್ಳುತ್ತೆ. ಹೆದರಿ ಮಾತ್ರೆ ಬಿಟ್ರೆ ಕರುಳು ಕೆರಳುತ್ತೆ. ಯಾರನ್ನ ಮನೇಲಿ ಇಟ್ಕೋಬೇಕು, ಯಾರನ್ನ ಎಳ್ಕೊಂಡು ಬರಬೇಕು ಅಂತ ನೀವು ಹೇಳಿ. ನಾನು ಜಾಗ ಮಾಡ್ತೀನಿ" ಎಂದರು. ಒಳ್ಳೆಯ ಹುಡುಗ. ಕನ್ನಡಕದ ಅಚ್ಚು ಮೂಗಿನ ಮೇಲೆ ಗಾಯವಾಗಿ ಕೂತಿತ್ತು.

ಹೀಗೆ ಸಿಸ್ಟರ್ ತಮ್ಮ ಕೈಗಳನ್ನು ಆಸ್ಪತ್ರೆಯಲ್ಲಿ ಬಿಟ್ಟು, ಕಿವಿಯನ್ನಷ್ಟೇ ಹಿಡಿದುಕೊಂಡು ಮನೆಗೆ ಬಂದರು.

ಮನೆಯಲ್ಲಿ ಜಾಗದ ಪ್ರಶ್ನೆ ಎದ್ದಿತು. ಮೊದಲ ದಿನ ಹಾಲಿನಲ್ಲಿ ಕೂತರು. ಹಾಲು ಅತ್ತೆಯವರ ಸಾಮ್ರಾಜ್ಯ. ಫ್ಯಾನಿನ ನೇರ ಕೆಳಗಿನ ಕುರ್ಚಿ ಸಿಂಹಾಸನ. ಗಂಡ ಪ್ರಿಂಟಿಂಗ್ ಪ್ರೆಸ್ಸಿನವರು, ಪ್ರೆಸ್ಸು ಮುಚ್ಚಿತ್ತು. ತಟ್ಟೆ ಮುಂದಿಟ್ಟುಕೊಂಡು ತುತ್ತು ಎತ್ತುವ ಹೊತ್ತಿಗೆ ಸರಿಯಾಗಿ ಇವರು ಫೋನಿನಲ್ಲಿ "ನೊರೆ ಇದೆಯಾ?" ಎಂದು ಕೇಳಿದರು. ಗಂಡ ತುತ್ತನ್ನು ತಟ್ಟೆಗೆ ಇಳಿಸಿದರು.

"ಏನೇ ಇದು ಊಟದ ಹೊತ್ತಲ್ಲಿ?" ಎಂದರು ಅತ್ತೆ. "ಜನ ಅನ್ನ ತಿಂತಾರೆ ಕಣೇ ಈ ಮನೇಲಿ."

"ಅವರೂ ಅನ್ನಾನೇ ತಿಂತಾರೆ ಅತ್ತೆ. ಅದಕ್ಕೇ ಕೇಳ್ತಿರೋದು."

"ಹೋಗು, ಆ ಬಾಲ್ಕನಿಗೆ ಹೋಗಿ ಕೇಳ್ಕೋ."

ಸಿಸ್ಟರ್ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಹೀಗೆ ಮನೆಯ ಮರ್ಯಾದೆ ಉಳಿಯಿತು, ಕಟ್ಟಡದ ಮರ್ಯಾದೆ ಹೋಯಿತು. ಆದರೆ ಅತ್ತೆಯವರ ಕಿವಿಗೆ ಬಾಗಿಲು ಯಾವ ಲೆಕ್ಕ? ಕೆಲವೇ ದಿನಗಳಲ್ಲಿ ರೋಗಿಗಳೆಲ್ಲ ಅವರಿಗೆ ಧಾರಾವಾಹಿಯ ಪಾತ್ರಗಳಂತೆ ಆಗಿಹೋದರು. ಸೊಸೆ ಒಳಗೆ ಕಾಲಿಟ್ಟರೆ ಸಾಕು, "ಆ ಲಾಯರಮ್ಮಂಗೆ ರಕ್ತ ನಿಂತಿತಾ? ಆ ಹೊಸ ಮದುವೆ ಹುಡುಗ ಹೆಂಡ್ತಿಗೆ ಹೇಳಿದ್ನಾ, ಇನ್ನೂ ಮುಚ್ಚಿಟ್ಕೊಂಡೇ ಇದಾನಾ?" ಎಂಬ ವಿಚಾರಣೆ.

"ಇದನ್ನೆಲ್ಲ ಯಾರಿಗೂ ಹೇಳಬಾರ್ದು ಅತ್ತೆ."

"ಯಾರಿಗೆ ಹೇಳ್ಲಿ? ಯಾರು ಬರ್ತಾರೆ ಈ ಮನೆಗೆ? ಹಲ್ಲಿಗೆ ಹೇಳ್ಲಾ?"

ಫೋನಿನ ಕೆಲಸದಲ್ಲಿ ಸಿಸ್ಟರ್ ಗಮನಿಸಿದ ಮೊದಲ ಸಂಗತಿಯೆಂದರೆ, ಎಲ್ಲರ ದನಿಯೂ ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ಫೋನು ಕೆಟ್ಟಿದೆ ಎಂದುಕೊಂಡು ಬದಲಾಯಿಸಿದರು. ಹೊಸದರಲ್ಲೂ ಅದೇ. ಕೊನೆಗೆ ಲಾಯರಮ್ಮನನ್ನೇ ಕೇಳಿದರು.

"ಎಲ್ಲಿಂದ ಮಾತಾಡ್ತಿದೀರಿ ಮೇಡಂ?"

"ಟಾಯ್ಲೆಟ್ಟಿಂದ" ಎಂದು ಕೋರ್ಟನ್ನು ನಡುಗಿಸುವ ಲಾಯರಮ್ಮ ಪಿಸುಗುಟ್ಟಿದರು. "ಹಾಲಲ್ಲಿ ಮಾವ, ರೂಮಲ್ಲಿ ಮಕ್ಕಳ ಕ್ಲಾಸು, ಅಡುಗೆಮನೇಲಿ ಯಜಮಾನ್ರ ಮೀಟಿಂಗು. ಇನ್ನೆಲ್ಲಿ ಕೂತು ಹೇಳ್ಲಿ ನನ್ನ ಪುರಾಣ?"

ಹೌದಲ್ಲ! ಮನೆಮಂದಿಯೆಲ್ಲ ಮನೆಯಲ್ಲೇ ಕೂತಿರುವ ಕಾಲದಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾರೂ ಯಾಕೆಂದು ಕೇಳದ ಕೋಣೆ ಅದೊಂದೇ. ಮದುವೆ ಹುಡುಗನೂ ಅಲ್ಲಿಂದಲೇ, ಬ್ಯಾಂಕಿನಲ್ಲಿ ಕೆಲಸದ ಇನ್ನೊಬ್ಬ ರೋಗಿಯೂ ಅಲ್ಲಿಂದಲೇ. ಕಾಯಿಲೆ ಜಾಸ್ತಿಯಿದ್ದಾಗ ಅಲ್ಲಿಂದ ಓಡಿ ಬರಲು ಹೆಣಗುವ ಜನ, ಕಡಿಮೆಯಿದ್ದಾಗ ಮಾತಾಡುವುದಕ್ಕೆ ಅಲ್ಲಿಗೇ ಓಡುತ್ತಿದ್ದರು. ಸಿಸ್ಟರಿಗೆ ನಗು ಬಂತು. ಆಮೇಲಾಮೇಲೆ ಆ ಗುಂಯ್ ಎನ್ನುವುದು ಕಿವಿಗೆ ಅಭ್ಯಾಸವಾಯಿತು. ಗಡಿಯಾರದ ಟಿಕ್‌ಟಿಕ್ ಮನೆಯವರಿಗೆ ಕೇಳಿಸದಂತೆ, ಅದೂ ಕೇಳಿಸುವುದು ನಿಂತುಹೋಯಿತು.

ಅವರ ರೋಗಿಗಳಲ್ಲಿ ರೈಲ್ವೆ ಸ್ಟೇಷನ್ನಿನ ಅನೌನ್ಸರ್ ಒಬ್ಬರಿದ್ದರು. ನಿವೃತ್ತಿಗೆ ಹತ್ತಿರವಾದವರು, ಕರುಳಿನ ಕಾಯಿಲೆಯಲ್ಲಿ ಹಳಬರು. ಗಾಡಿ ಬರುತ್ತದೆ, ಹೋಗುತ್ತದೆ, ತಡವಾಗುತ್ತದೆ ಎಂದು ಅರ್ಧ ಆಯುಷ್ಯ ಹೇಳಿ ಹೇಳಿ, ಅವರಿಗೆ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಮೈಕಿನ ಭಾಷೆಯೇ ಬರುತ್ತಿತ್ತು. ಗಾಡಿ ಹಳಿ ತಪ್ಪಿದರೂ ಅನೌನ್ಸರ್ ದನಿ ಹಳಿ ತಪ್ಪಬಾರದು ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಸಿದ್ಧಾಂತ. ಆ ದನಿಯ ಬಗ್ಗೆ ಅವರಿಗಿದ್ದ ಹೆಮ್ಮೆ, ಚೆಲುವೆಗೆ ತನ್ನ ಜಡೆಯ ಬಗ್ಗೆ ಇರುವುದಕ್ಕಿಂತ ಒಂದು ಗೇಣು ಹೆಚ್ಚೇ.

"ಹೇಗಿದೀರಿ ಸಾರ್?" ಎಂದು ಸಿಸ್ಟರ್ ಕೇಳಿದರೆ, "ಸೇವೆಗಳು ಎಂದಿನಂತೆ ನಡೆಯುತ್ತಿವೆ" ಎನ್ನುವರು.

"ಎಷ್ಟು ಸಲ ಹೋದ್ರಿ?"

"ನಿಗದಿತ ವೇಳೆಗೆ ಮಾತ್ರ. ಹೆಚ್ಚುವರಿ ಗಾಡಿಗಳೇನೂ ಓಡುತ್ತಿಲ್ಲ."

"ರಕ್ತ?"

"ಕೆಂಪು ದೀಪ ಎಲ್ಲೂ ಕಂಡುಬಂದಿಲ್ಲ, ಸಿಸ್ಟರ್."

ಮೊದಲ ಕರೆಯಲ್ಲೇ ಅವರ ದನಿಯೂ ಗುಂಯ್ ಎಂದಿತ್ತು. ಹೊರಗೆ ಹೆಂಡತಿ ಪ್ರಯಾಣಕ್ಕೆ ಬಟ್ಟೆ ಜೋಡಿಸುತ್ತ ಏನೋ ಗೊಣಗುವುದು ಕೇಳುತ್ತಿತ್ತು. ನೀವೂ ಅಲ್ಲೇನಾ ಎಂದು ಸಿಸ್ಟರ್ ನಕ್ಕಾಗ, "ಇದು ನನ್ನ ಸ್ಟುಡಿಯೋ ಸಿಸ್ಟರ್. ಟೈಲ್ಸ್ ಗೋಡೆ ಇದ್ರೆ ಗಂಟಲಿಗೊಂದು ಗತ್ತು ಬರುತ್ತೆ" ಎಂದಿದ್ದರು. ಆಮೇಲೆ ಹೆಂಡತಿ ಮಗಳ ಹೆರಿಗೆಗೆಂದು, ಇನ್ನೂ ಓಡುತ್ತಿದ್ದ ಕೊನೆಯ ಗಾಡಿ ಹಿಡಿದು, ಬೇರೆ ಊರಿಗೆ ಹೋದರು; ಅದಾದ ಮೇಲೆ ಗಾಡಿಗಳೆಲ್ಲ ನಿಂತು ಅಲ್ಲೇ ಸಿಕ್ಕಿಬಿದ್ದರು. "ಈಗ ಮನೆಗೆ ನಾನೇ ರಾಜ, ನಾನೇ ಪ್ರಜೆ. ದಂಗೆ ಏಳೋರೂ ಇಲ್ಲ" ಎಂದು ಅನೌನ್ಸರ್ ಹೇಳಿದಾಗ ಸಿಸ್ಟರ್ ನಕ್ಕು, ಮಾತ್ರೆ ಬಿಡಬೇಡಿ ಎಂದು ಎಂದಿನಂತೆ ಗದರಿ, ಫೋನಿಟ್ಟಿದ್ದರು. ಮುಂದಿನ ವಾರ ಸೇವೆಗಳು ಎಂದಿನಂತೆ. ಅದರ ಮುಂದಿನ ವಾರವೂ ಎಂದಿನಂತೆ. ಕೆರಳಿದ ಲಾಯರಮ್ಮ, ಮಾತ್ರೆ ಮುಗಿದ ಬ್ಯಾಂಕಿನವರು, ಅಳುವ ಮದುವೆ ಹುಡುಗ ಇವರ ನಡುವೆ ಅನೌನ್ಸರಿಗೆ ಮಾಡುವ ಕರೆಯೆಂದರೆ ಬಿಸಿಲಲ್ಲಿ ನಡೆಯುವವರಿಗೆ ಸಿಕ್ಕ ಮರದ ನೆರಳಿನಂತೆ ಇರುತ್ತಿತ್ತು. ಫೋನು ದಾಟಿ ಬಾಗಿಲವರೆಗೂ ಕೇಳಿಸುತ್ತಿದ್ದ ಆ ದನಿಗೆ ಬಾಲ್ಕನಿ ಬಾಗಿಲ ಆಚೆ ಅತ್ತೆಯೂ, "ಏನು ಗಂಟಲು ಆ ಮಹಾರಾಯಂದು! ಕೇಳ್ತಾ ಇದ್ರೆ ಗಾಡಿ ಹತ್ತಿ ಎಲ್ಲಾದ್ರೂ ಹೋಗ್ಬಿಡೋಣ ಅನ್ಸುತ್ತೆ" ಎನ್ನುವರು.

ಒಂದು ಮಧ್ಯಾಹ್ನ ಅತ್ತೆಗೆ ಕಾಲು ಹಿಡಿದುಕೊಂಡಿತೆಂದು ಗಂಡ ಅವರನ್ನು ಮೆಲ್ಲಗೆ ನಡೆಸಿಕೊಂಡು ತಾರಸಿಗೆ ಕರೆದೊಯ್ದರು. ಮನೆ ಖಾಲಿಯಾಯಿತು. ಸಿಸ್ಟರ್ ಬಾಲ್ಕನಿಯಲ್ಲಿ ಒದ್ದೆ ಬಟ್ಟೆಗಳ ನಡುವೆ ಬೆವರುತ್ತ ನಿಂತು ಯಾರೊಂದಿಗೋ ಮಾತಾಡುತ್ತಿದ್ದವರು, ಇದ್ದಕ್ಕಿದ್ದಂತೆ ತಮಗೆ ತಾವೇ ಪೆದ್ದಿಯಂತೆ ಕಂಡರು. ಒಳಗೆ ಒಂದು ನರಪಿಳ್ಳೆಯಿಲ್ಲ, ಬಾಗಿಲು ಯಾರಿಗಾಗಿ ಮುಚ್ಚಿದ್ದು? ಬಾಗಿಲು ತಳ್ಳಿ ಹಾಲಿಗೆ ಬಂದರು. ಅತ್ತೆಯ ಸಿಂಹಾಸನದಲ್ಲಿ ಕೂತು, ಕಾಲು ಚಾಚಿ, ಫ್ಯಾನನ್ನು ಕೊನೆಗೆ ತಿರುಗಿಸಿದರು. ಆಹಾ! ಖಾಲಿ ಮನೆಯಲ್ಲಿ ಯಾರಾದರೂ ಮೂಲೆಯಲ್ಲಿ ಸಿಕ್ಕಿಕೊಂಡು ಮಾತಾಡುತ್ತಾರೆಯೇ?

ಆ ಸುಖದ ಮಧ್ಯೆಯೇ ಅವರು ಚಾಚಿದ ಕಾಲನ್ನು ಎಳೆದುಕೊಂಡು ನೆಟ್ಟಗೆ ಕೂತರು.

ಅನೌನ್ಸರ್ ಮನೆಯೂ ಖಾಲಿ. ಎಷ್ಟೋ ದಿನಗಳಿಂದ ಖಾಲಿ. ಅಂದು ಬೆಳಗ್ಗೆಯಷ್ಟೇ ಮಾತಾಡಿದಾಗ ಅವರ ದನಿ ಗುಂಯ್ ಎನ್ನುತ್ತಿತ್ತು. ಕಳೆದ ವಾರವೂ. ಅದರ ಹಿಂದಿನ ವಾರವೂ. ಯಾರಿಗೂ ಕೇಳಿಸಬಾರದೆಂದು ಚಿಲಕ ಹಾಕಿಕೊಳ್ಳುವುದಕ್ಕೆ ಅಲ್ಲಿ ಕೇಳುವವರು ಯಾರಿದ್ದರು?

ಕೈಯಲ್ಲಿದ್ದ ಕರೆಯನ್ನು ಅಲ್ಲಿಗೇ ಮುಗಿಸಿದರು. ಅನೌನ್ಸರ್ ನಂಬರು ಒತ್ತಿದರು. ಫೋನು ಬಹಳ ಹೊತ್ತು ಬಡಿದುಕೊಂಡಿತು.

"ಹಲೋ, ಸಿಸ್ಟರ್. ಈ ಅನಿರೀಕ್ಷಿತ ಕರೆಗೆ ಸ್ವಾಗತ."

ಗುಂಯ್. ಹಿಂದೆ ನಲ್ಲಿ ತೊಟ್ಟಿಕ್ಕುವ ಸದ್ದು. ಇದುವರೆಗೆ ಅದೂ ಕೇಳಿಸಿರಲಿಲ್ಲ.

"ಎಲ್ಲಿದೀರಿ ಸಾರ್?"

"ಮನೇಲಿ. ಬೇರೆಲ್ಲಿಗೆ ಹೋಗ್ಲಿ, ಗಾಡಿಗಳೆಲ್ಲ ರದ್ದು."

"ಮನೇಲಿ ಎಲ್ಲಿ?"

ನಲ್ಲಿ ತೊಟ್ಟಿಕ್ಕಿತು. "ಸ್ಟುಡಿಯೋದಲ್ಲಿ."

"ಎದ್ದು ಹಾಲಿಗೆ ಬಂದು ಮಾತಾಡಿ."

"ಬರ್ತೀನಿ. ಸ್ವಲ್ಪ ಹೊತ್ತಲ್ಲಿ."

"ಈಗ ಬನ್ನಿ. ನಾನು ಕಾಯ್ತೀನಿ."

"ಈಗ ಆಗಲ್ಲ ಕಣಮ್ಮ."

ಅದು ಮೈಕಿನ ಭಾಷೆಯಾಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರು ಸಿಸ್ಟರನ್ನು 'ಅಮ್ಮ' ಎಂದದ್ದು ಅದೇ ಮೊದಲು.

ಒಂದೊಂದಾಗಿ ಹೊರಬಿತ್ತು. ಅವರ ಸ್ಟೇಷನ್ನಿನ ಟಿಕೆಟ್ ಕೌಂಟರಿನವನಿಗೆ ಜ್ವರ ಬಂದಿತ್ತು. ತಾನೇ ನಡೆದುಕೊಂಡು ಆಸ್ಪತ್ರೆಗೆ ಹೋದ, ಚೀಲದಲ್ಲಿ ಹೊರಗೆ ಬಂದ. ಮನೆಯವರಿಗೆ ಮುಖ ಕೂಡ ತೋರಿಸಲಿಲ್ಲ. ಅದಾದ ಮೇಲೆ ಯಾರೋ ಫೋನಿಗೆ ಕಳಿಸಿದ ಸಂದೇಶ ಓದಿದರು: ಮೈಯ ಕಾವಲು ತಗ್ಗಿಸುವ ಮಾತ್ರೆ ತಿನ್ನುವವರೇ ಮೊದಲು ಹೋಗುವುದು ಎಂದು. ಮಾತ್ರೆ ಬಿಟ್ಟರು. ಕರುಳು ಕೆರಳಿತು. ಈಗ ಹಾಸಿಗೆಯಿಂದ ಅಲ್ಲಿಗೆ ಓಡಾಡುವ ಶಕ್ತಿಯಿಲ್ಲದೆ, ದಿಂಬನ್ನೂ ನೀರಿನ ತಂಬಿಗೆಯನ್ನೂ ಅಲ್ಲಿಗೇ ತಂದುಕೊಂಡಿದ್ದರು. ನಿಗದಿತ ವೇಳೆಯ ಗಾಡಿಗಳೆಲ್ಲ ಒಟ್ಟಿಗೆ ಬಂದು ನಿಂತಿದ್ದವು, ಎಲ್ಲವೂ ಕೆಂಪು ದೀಪದವು.

"ಯಾಕೆ ಹೇಳ್ಲಿಲ್ಲ?" ಸಿಸ್ಟರ್ ದನಿ ಏರಿತು. "ವಾರವಾರವೂ ಕೇಳಿದೆನಲ್ಲ ನಾನು!"

"ಹೇಳಿದ್ರೆ ಬಾ ಅಂತೀರಿ."

"ಹೌದು, ಬಾ ಅಂತೀನಿ."

"ಬರಲ್ಲ. ಅಲ್ಲಿಗೆ ಬಂದು ಚೀಲ ಸೇರೋದಕ್ಕಿಂತ ಇಲ್ಲೇ ವಾಸಿ. ನಿನ್ನೆಯಿಂದ ಹೋಗೋದೂ ಕಮ್ಮಿ ಆಗಿದೆ, ಕಾಯಿಲೆ ಇಳೀತಾ ಇದೆ ಅನ್ಸುತ್ತೆ."

ಕೇಳಿದ ಸಿಸ್ಟರಿಗೆ ಇನ್ನಷ್ಟು ಭಯವಾಯಿತು. ಅಷ್ಟು ಕೆರಳಿದ ಕರುಳು ಇದ್ದಕ್ಕಿದ್ದಂತೆ ಸುಮ್ಮನಾದರೆ ಅದು ವಾಸಿಯಾದದ್ದಲ್ಲ, ಸೋತು ಕೈಚೆಲ್ಲಿದ್ದು. "ಹೊಟ್ಟೆ ಉಬ್ಬಿದೆಯಾ?"

"ಸ್ವಲ್ಪ. ಗಾಳಿ ಇರಬೇಕು."

ಮುಟ್ಟಿ ನೋಡಬೇಕಿತ್ತು. ಅಂಗೈಯಿಟ್ಟರೆ ಒಂದು ಗಳಿಗೆಯ ಕೆಲಸ. ಆದರೆ ಅಂಗೈ ಇಲ್ಲಿತ್ತು, ಹೊಟ್ಟೆ ಊರಿನ ಆಚೆ ತುದಿಯಲ್ಲಿತ್ತು.

"ಸಾರ್, ಒಂದು ಕೆಲಸ ಮಾಡಿ. ನಿಮ್ಮ ಕೈಯನ್ನ ನನಗೆ ಸಾಲ ಕೊಡಿ. ಹೊಕ್ಕಳಿಗಿಂತ ಕೆಳಗೆ, ಎಡಗಡೆ ಇಡಿ. ಇಟ್ರಾ? ಮೆಲ್ಲಗೆ ಒತ್ತಿ. ಇನ್ನೂ ಸ್ವಲ್ಪ. ಈಗ ಪಟ್ ಅಂತ ಕೈ ಬಿಡಿ."

ಫೋನಿನಲ್ಲಿ ಬಂದದ್ದು ಮನುಷ್ಯನ ದನಿ ಎನ್ನುವಂತಿರಲಿಲ್ಲ. ಅರ್ಧ ಆಯುಷ್ಯ ಹಳಿ ತಪ್ಪದ ಗಂಟಲು ಟೈಲ್ಸ್ ಗೋಡೆಗಳಿಗೆ ಬಡಿದು ಒಡೆದುಹೋಯಿತು. ಆಗಷ್ಟೇ ತಾರಸಿಯಿಂದ ಇಳಿದು ಬಂದ ಅತ್ತೆ, ತಮ್ಮ ಕುರ್ಚಿಯಲ್ಲಿ ಸೊಸೆ ಕೂತಿರುವುದನ್ನು ನೋಡಿ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ಅನೌನ್ಸರ್ ಉಸಿರು ಹಿಡಿದುಕೊಳ್ಳುವವರೆಗೆ ಕಾದು ಸಿಸ್ಟರ್ ಹೇಳಿದರು: "ಕೇಳಿ. ಕೈ ಬಿಟ್ಟಾಗ ಇಷ್ಟು ನೋಯೋದು ಗಾಳಿಗಲ್ಲ. ಕರುಳು ತೂತು ಬೀಳೋ ಹಂತಕ್ಕೆ ಬಂದಿದೆ. ಇವತ್ತು ಬಂದ್ರೆ ಚೀಲ ಸೇರ್ತೀರೋ ಇಲ್ವೋ ನನಗೆ ಗೊತ್ತಿಲ್ಲ. ಬರದೇ ಇದ್ರೆ ಏನಾಗುತ್ತೆ ಅಂತ ಗೊತ್ತು. ಜ್ವರದೋರ ಕಡೆ ನಿಮ್ಮನ್ನ ಬಿಡಲ್ಲ. ಹಿಂದಿನ ಗೇಟಿದೆ, ಆಪರೇಷನ್ ಕಟ್ಟಡ ಬೇರೆ. ಮೊಮ್ಮಗು ನೋಡ್ಬೇಕಾ, ಬೇಡ್ವಾ?"

ನೆಲದ ಮೇಲೆ ತಂಬಿಗೆ ಸರಿದ ಸದ್ದು ಬಂತು. ಆಮೇಲೆ, "ಗಾಡಿ ಕಳಿಸಿ" ಎಂದರು ಅನೌನ್ಸರ್.

ಗಂಡನ ಫೋನಿನಿಂದ ಡಾಕ್ಟರಿಗೆ ಕರೆ ಹೋಯಿತು. ಡಾಕ್ಟರು ಮಾಸ್ಕಿನೊಳಗಿಂದ, "ಹಿಂದಿನ ಗೇಟಿಗೆ ತನ್ನಿ, ಸರ್ಜನ್ನಿಗೆ ನಾನು ಹೇಳ್ತೀನಿ, ಗಾಡಿ ಈಗಲೇ ಹೊರಡುತ್ತೆ" ಎಂದಷ್ಟೇ ಹೇಳಿ ಇಟ್ಟರು. ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಡ್ರೈವರ್ ಅದೇ ಫೋನಿಗೆ ಸಿಕ್ಕ. ಗಂಡ ಆ ಫೋನಿನಲ್ಲಿ ಅವನನ್ನು ಹಿಡಿದುಕೊಂಡರು, ಸಿಸ್ಟರ್ ಈ ಫೋನಿನಲ್ಲಿ ಅನೌನ್ಸರನ್ನು ಹಿಡಿದುಕೊಂಡರು. ಅನೌನ್ಸರ್ ಮಾತಿನ ನಡುವೆ ತೂಕಡಿಸತೊಡಗಿದ್ದರು. ಮನೆಯ ಮುಂಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು. ಅದನ್ನು ತೆಗೆಯುವವರೆಗಾದರೂ ಅವರು ಎಚ್ಚರವಿರಬೇಕಿತ್ತು.

"ಸಾರ್, ನಿದ್ದೆ ಮಾಡ್ಬೇಡಿ. ಗಾಡಿ ಬರ್ತಾ ಇದೆ."

"ಯಾವ... ಪ್ಲಾಟ್‌ಫಾರಂ?"

ಸಿಸ್ಟರ್ ಗಂಡನ ಮುಖ ನೋಡಿದರು. ಗಂಡ ಡ್ರೈವರನ್ನು ಕೇಳಿ, "ಮಾರ್ಕೆಟ್ ದಾಟಿದಾನೆ" ಎಂದರು.

"ಮಾರ್ಕೆಟ್ ದಾಟಿತು ಸಾರ್. ನೀವು ಹೇಳಿ ನೋಡೋಣ, ಹೇಗೆ ಹೇಳ್ತೀರಿ ಸ್ಟೇಷನ್ನಲ್ಲಿ?"

"ಪ್ರಯಾಣಿಕರೇ... ದಯವಿಟ್ಟು ಗಮನಿಸಿ." ಉಸಿರು. "ಗಾಡಿಯು ಮಾರ್ಕೆಟ್ಟನ್ನು ದಾಟಿ..." ಉಸಿರು. "ಎಷ್ಟು ತಡ?"

"ತಡ ಇಲ್ಲ. ಸರಿಯಾದ ವೇಳೆ. ಆ ಬಾಗಿಲ ಕಡೆ ಸ್ವಲ್ಪ ಸ್ವಲ್ಪ ಸರೀತಾ ಇರಿ. ಏಳ್ಬೇಡಿ, ಕೂತೇ ಸರೀರಿ."

"ಸೇತುವೆ ಮೇಲಿದಾನೆ" ಎಂದರು ಗಂಡ.

"ಸೇತುವೆ ಮೇಲಿದೆ ಸಾರ್."

ನೆಲದ ಮೇಲೆ ಏನೋ ಎಳೆದ ಸದ್ದು. ನರಳಾಟ. ಗುಂಯ್ ಎನ್ನುವುದು ಕಡಿಮೆಯಾಗುತ್ತ ಬಂತು. ಅವರು ಹಾಲಿಗೆ ಬಂದಿದ್ದರು. ಗೋಡೆಗಳ ಗತ್ತಿಲ್ಲದ ದನಿ ಬಹಳ ಸಣ್ಣದಿತ್ತು, ಮುದುಕನದಿತ್ತು. ಅತ್ತೆ ಆಗಲೇ ಫ್ಯಾನು ಆರಿಸಿ, ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದರು. ಕೊನೆಗೆ ಕಬ್ಬಿಣದ ಚಿಲಕ ಸರಿದ ಸದ್ದು, ಬೂಟುಗಳ ಸದ್ದು, "ಅಜ್ಜಾ, ಫೋನ್ ಬಿಡಿ, ನಾವು ಬಂದಿದೀವಿ" ಎಂಬ ಹೊಸ ದನಿ ಕೇಳಿಸಿತು.

ಪ್ರಾಣ ಉಳಿಯಿತು. ದೊಡ್ಡ ಕರುಳು ಉಳಿಯಲಿಲ್ಲ, ಪೂರ್ತಿ ತೆಗೆದುಹಾಕಿದರು. ಇನ್ನು ಬದುಕಿರುವಷ್ಟು ದಿನ ಹೊಟ್ಟೆಯ ಮೇಲೊಂದು ರಂಧ್ರ, ಅದಕ್ಕೊಂದು ಚೀಲ. ಬೇರೆ ಚೀಲಕ್ಕೆ ಹೆದರಿದ್ದವರಿಗೆ ಈ ಚೀಲ ಸಿಕ್ಕಿತ್ತು. ಡಾಕ್ಟರು ಫೋನಿನಲ್ಲಿ, "ಮೊದಲೇ ಬಂದಿದ್ರೆ ಬಹುಶಃ ಇಂಜೆಕ್ಷನ್ನಲ್ಲೇ ಹಿಡೀಬಹುದಿತ್ತು ಅಂತಾರೆ ಸರ್ಜನ್ನು" ಎಂದವರು, ಕೂಡಲೇ ತಾನು ಯಾಕಾದರೂ ಹೇಳಿದೆನೋ ಎಂಬಂತೆ ಕೆಮ್ಮಿದರು.

ಸಿಸ್ಟರ್ ಬಾಲ್ಕನಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನು ಮಡಚುತ್ತ ನಿಂತರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ಅತ್ತೆ ಹಿಂದೆಯೇ ಬಂದರು.

"ಸುಳ್ಳು ಹೇಳಿದೋನು ಅವನು, ಅಳೋಳು ನೀನು. ಯಾವ ನ್ಯಾಯಾನೇ ಇದು?"

"ಅವರು ಬಾಯಲ್ಲಿ ಸುಳ್ಳು ಹೇಳಿದ್ರು ಅತ್ತೆ. ಆ ಸದ್ದು ನಿಜಾನೇ ಹೇಳ್ತಿತ್ತು. ವಾರವಾರ ನನ್ನ ಕಿವಿಗೇ ಬಿತ್ತು."

ಅತ್ತೆ ಸೊಸೆಯ ಕೈಯಿಂದ ಬಟ್ಟೆ ಕಿತ್ತುಕೊಂಡು, "ಹೋಗು, ಹಾಲಲ್ಲಿ ಫ್ಯಾನ್ ಕೆಳಗೆ ಕೂತ್ಕೋ. ಊಟದ ಹೊತ್ತಾದ್ರೂ ಸರಿ, ಅಲ್ಲೇ ಮಾತಾಡು" ಎಂದರು. ಸಾಮ್ರಾಜ್ಯವೊಂದು ಹೀಗೆ, ಯಾವ ಸದ್ದೂ ಇಲ್ಲದೆ, ಹಸ್ತಾಂತರವಾಯಿತು.

ಅಂದಿನಿಂದ ಸಿಸ್ಟರ್ ಫೋನೆತ್ತಿದವರಿಗೆ ಹೇಗಿದೀರಿ ಎಂದು ಮೊದಲು ಕೇಳುವುದನ್ನು ಬಿಟ್ಟರು. "ಎಲ್ಲಿ ಕೂತಿದೀರಿ? ಮನೇಲಿ ಯಾರಿದಾರೆ? ಎದ್ದು ಹೊರಗೆ ಬನ್ನಿ, ನಡೀತಾ ಮಾತಾಡಿ" ಎನ್ನುವರು. ಹೆಜ್ಜೆ ಸದ್ದು ಕೇಳುವವರೆಗೂ ಬಿಡುತ್ತಿರಲಿಲ್ಲ. ಲಾಯರಮ್ಮ ತಕರಾರು ತೆಗೆದರು. ಸಿಸ್ಟರ್ ತಕರಾರನ್ನು ತಳ್ಳಿಹಾಕಿದರು. ಮದುವೆ ಹುಡುಗ ಹೊರಗೆ ಬಂದು ಮಾತಾಡಬೇಕಾಗಿ ಬಂದು, ಅದೇ ಉಸಿರಿನಲ್ಲಿ ಹೆಂಡತಿಗೆ ಎಲ್ಲ ಹೇಳಿಬಿಟ್ಟ. ಅವಳಿಗೆ ಮೊದಲೇ ಗೊತ್ತಿತ್ತಂತೆ.

ಅನೌನ್ಸರ್ ಮನೆಗೆ ಬಂದು, ಗಾಡಿಗಳು ಒಂದೊಂದಾಗಿ ಓಡತೊಡಗಿದ ಮೇಲೆ, ಒಮ್ಮೆ ತಾವೇ ಫೋನ್ ಮಾಡಿದರು.

"ಸಿಸ್ಟರ್, ಹಾಲಲ್ಲಿ ಕೂತು ಮಾತಾಡ್ತಿದೀನಿ. ಸ್ಟುಡಿಯೋ ಮುಚ್ಚಿದೆ."

"ಕೇಳಿಸ್ತಿದೆ ಸಾರ್."

"ಗಂಟಲಿಗೆ ಮೊದಲಿನ ಗತ್ತಿಲ್ಲ, ಅಲ್ವಾ?"

ಇಲ್ಲ ಎಂದರೆ ನೋವು, ಇದೆ ಎಂದರೆ ಸುಳ್ಳು. ಸಿಸ್ಟರ್, "ಇಲ್ಲ ಸಾರ್" ಎಂದರು. "ಹೀಗೇ ಮಾತಾಡಿ. ನನಗೆ ಹೀಗೆ ಬೇಕು." ಆಮೇಲೆ ಚೀಲವನ್ನು ಹೇಗೆ ಬದಲಾಯಿಸುತ್ತಿದ್ದೀರಿ, ಸುತ್ತಲ ಚರ್ಮ ಕೆಂಪಾಗಿದೆಯೇ ಎಂದು ಎಂದಿನಂತೆ ಕೇಳಿದರು, ಎಂದಿನಂತೆ ಗದರಿದರು. ಫೋನಿನ ಆ ತುದಿಯಲ್ಲಿ ಎಲ್ಲೋ ಒಂದು ಹಸುಗೂಸು ಅಳುತ್ತಿತ್ತು.

ಕಾಲ ಸರಿಯಿತು. ಬಾಗಿಲುಗಳು ತೆರೆದವು. ಸಂಘದ ಅಧ್ಯಕ್ಷರಿಗೆ ಪೇಂಟ್ ಕಂಪನಿಯ ನಿಜ ಹೇಗೋ ತಿಳಿದು, ಎರಡನೇ ಮಹಡಿಯಲ್ಲಿ ಇಂಥವರೊಬ್ಬರಿರುವುದು ತಮ್ಮದೇ ಸಾಧನೆಯೆಂಬಂತೆ, ಕಟ್ಟಡದ ಅಂಗಳದಲ್ಲಿ ಒಂದು ಸನ್ಮಾನ ಇಟ್ಟುಕೊಂಡರು. ದೂರದೂರಕ್ಕೆ ಕುರ್ಚಿ ಹಾಕಿತ್ತು, ಮೈಕಿತ್ತು, ಗಾಜಿನ ಫಲಕವಿತ್ತು. ಅಧ್ಯಕ್ಷರು ಸಾಂಕ್ರಾಮಿಕದ ಕಾಲದಲ್ಲಿ ಲಿಫ್ಟಿನೊಳಗೆ ಕೈತೊಳೆಯುವ ದ್ರಾವಣದ ಬಾಟಲಿ ಇಡಿಸಲು ತಾವು ಪಟ್ಟ ಶ್ರಮವನ್ನು ಸವಿಸ್ತಾರವಾಗಿ ಹೇಳಿದರು. ಬಾಟಲಿ ಕಳುವಾದ ಭಾಗಕ್ಕೆ ಬಂದಾಗ ಅವರ ಕಂಠ ಗದ್ಗದವಾಯಿತು. ಮುಂದಿನ ಸಾಲಿನಲ್ಲಿ ಅತ್ತೆ ಆಕಳಿಸಿದರು. ಕೊನೆಗೆ ಅಧ್ಯಕ್ಷರು ಫಲಕ ಕೊಟ್ಟು, ಸಭೆಯ ಕಡೆ ತಿರುಗಿ, ಮೈಕನ್ನು ಸಿಸ್ಟರ್ ಮುಖದ ಬಳಿ ಹಿಡಿದರು.

"ಈಗ ಎಲ್ಲ ಫೋನಲ್ಲೇ ಆಗುತ್ತೆ ಅಂತ ನೀವು ತೋರಿಸಿಕೊಟ್ರಿ. ಹಾಗಾದ್ರೆ ಇನ್ನು ಮುಂದೆ ಜನ ಆಸ್ಪತ್ರೆಗೆ ಯಾಕೆ ಬರಬೇಕು ಸಿಸ್ಟರ್?"

ಸಿಸ್ಟರ್ ಅವರ ಕೋಟಿನ ಗುಂಡಿಗಳ ನಡುವೆ ಬಿಗಿದು ಕೂತಿದ್ದ ಹೊಟ್ಟೆಯನ್ನೊಮ್ಮೆ ನೋಡಿದರು.

"ಬಾಯಿ ಸುಳ್ಳು ಹೇಳುತ್ತೆ ಸಾರ್. ಹೊಟ್ಟೇನ ಮುಟ್ಟಿ ನೋಡ್ಬೇಕು."